ಸ್ವಲ್ಪ, ಸ್ವಲ್ಪವೇ

ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಅವಳ ಶಾಲೆಯ ಡೈರಿಯಲ್ಲಿ ನಾನು ಇಂಗ್ಲಿಷಿನಲ್ಲೇ ಬರೆದೆ: 'ಶಿ ಹ್ಯಾಸ್ ಲಿಟಲ್ ಇಂಟರೆಸ್ಟ್ ಇನ್ ಮ್ಯಾಥ್ಸ್.' ಲೆಕ್ಕದಲ್ಲಿ ಸ್ವಲ್ಪ ಆಸಕ್ತಿ ಇದೆ, ಪ್ರೋತ್ಸಾಹಿಸಿ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಟೀಚರು ಓದಿಕೊಂಡದ್ದು, ಆಸಕ್ತಿ ಇಲ್ಲವೆಂದೇ. 'ನಿಮ್ಮಮ್ಮನೇ ಬರೆದಿದ್ದಾರಲ್ಲ' ಎಂದು ಎಲ್ಲರೆದುರು ಬೈಸಿಕೊಂಡು ಮಗು ಅಳುತ್ತ ಬಂತು. ಬಿಟ್ಟುಹೋದದ್ದು ಒಂದೇ ಒಂದು 'ಎ'.

ತಪ್ಪು ನನ್ನದೇ. ಆದರೆ ನಾನು ಓದಿ ಪಾಸಾದ ಗೈಡಿನದೂ ಹೌದು. 'ಲಿಟಲ್', 'ಎ ಲಿಟಲ್' ಎರಡಕ್ಕೂ ಅದು 'ಸ್ವಲ್ಪ' ಎಂದೇ ಅರ್ಥ ಕೊಟ್ಟಿತ್ತು. 'ವೆರಿ', 'ಟೂ' ಎರಡಕ್ಕೂ 'ತುಂಬಾ'. ಕನ್ನಡಕ್ಕೇನು ಈ ಭೇದ ತಿಳಿಯದೇ? ನೆಂಟರು ಬಂದಾಗ ಡಬ್ಬ ತೆಗೆದು 'ಸಕ್ಕರೆ ಸ್ವಲ್ಪ ಇದೆ' ಎಂದರೆ ಕಾಫಿಗೆ ನೀರಿಡುತ್ತೇವೆ. 'ಸ್ವಲ್ಪವೇ ಇರೋದು' ಎಂದರೆ ಹುಡುಗನನ್ನು ಅಂಗಡಿಗೆ ಓಡಿಸುತ್ತೇವೆ. ಮೊದಲನೆಯದು 'ಎ ಲಿಟಲ್', ಎರಡನೆಯದು 'ಲಿಟಲ್'. ಎಣಿಸುವಂಥ ನಿಂಬೆಹಣ್ಣಾದರೆ 'ಎ ಫ್ಯೂ', 'ಫ್ಯೂ'. ಸಾರು ಖಾರವಾಗಿದ್ದರೆ 'ವೆರಿ'. ಬಾಯಿಗಿಡಲಾಗದಷ್ಟು ಖಾರವಾದರೆ 'ಟೂ'.

ಮಾರನೆಯ ದಿನ ಡೈರಿಯಲ್ಲಿ ಆ 'ಎ' ಸೇರಿಸಿ ಕಳಿಸಿದೆ. ಗೈಡು ಬರೆಯುವ ಮಹನೀಯರು ಒಮ್ಮೆ ನಮ್ಮ ಅಡುಗೆಮನೆಗೆ ಬಂದುಹೋಗಬಾರದೇ?