ಚುಕ್ಕಿ ಕೂಡಿ ತೇರಾಗುವ ಹೊತ್ತು

ಒಳ್ಳೆಯ ಗ್ರಾಫ್ ಹಾಳೆ ಕಂಡರೆ ನನಗೆ ಇವತ್ತಿಗೂ ಆಸೆ ಬಿಡುವುದಿಲ್ಲ. ಮಿಲಿಮೀಟರಿಗೊಂದು ತೆಳುವಾದ ಗೆರೆ, ಸೆಂಟಿಮೀಟರಿಗೊಂದು ದಪ್ಪ ಗೆರೆ. ಬೆರಳಾಡಿಸಿದರೆ ಏನೂ ತಾಗದು, ಕಣ್ಣಾಡಿಸಿದರೆ ಹದವಾದ ನೇಯ್ಗೆ. ಪ್ರೌಢಶಾಲೆಯ ಮಕ್ಕಳು ಪರೀಕ್ಷೆಯ ಅಂಕಕ್ಕೆಂದು ಈ ಹಾಳೆಯ ಮೇಲೆ ಸಮೀಕರಣದ ಗೆರೆ ಎಳೆಯುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಹಾಳೆ ನಾಲ್ಕನೆಯ, ಐದನೆಯ ತರಗತಿಯ ಮಗುವಿನ ಕೈಗೆ ಆಟವಾಗಿ ಬಂದರೆ ಅದರ ರುಚಿಯೇ ಬೇರೆ.

ಆಟದ ಕಟ್ಟು ಬಲು ಸರಳ. ಹಾಳೆಯ ಎಡಗಡೆಯ ಕೆಳಮೂಲೆಯೇ ಸೊನ್ನೆ. ಅಲ್ಲಿಂದ ಬಲಕ್ಕೊಂದು ಗೆರೆ, ಮೇಲಕ್ಕೊಂದು ಗೆರೆ. ಎರಡು ಅಂಕಿಗಳ ಜೋಡಿಯಲ್ಲಿ ಮೊದಲನೆಯದು ಬಲಕ್ಕೆ ಎಷ್ಟು, ಎರಡನೆಯದು ಮೇಲಕ್ಕೆ ಎಷ್ಟು. ‘ಮೊದಲು ನಡಿ, ಆಮೇಲೆ ಏರು’ ಎಂಬಷ್ಟೇ ಸೂತ್ರ ಸಾಕು. ನಿರ್ದೇಶಾಂಕ, ಅಕ್ಷ, ಮೂಲಬಿಂದು ಎಂಬ ಹೆಸರುಗಳು ಪ್ರೌಢಶಾಲೆಯಲ್ಲಿ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ.

ಓದುಗರೇ, ಪೆನ್ಸಿಲ್ ಹಿಡಿಯಿರಿ. (4, 1), (8, 1), (8, 3), (10, 3), (7, 8), (6, 10), (5, 8), (2, 3), (4, 3). ಚುಕ್ಕಿ ಇಡುತ್ತ, ಒಂದರಿಂದ ಮುಂದಿನದಕ್ಕೆ ಗೆರೆ ಎಳೆಯುತ್ತ ಹೋಗಿ, ಕೊನೆಗೆ ಮತ್ತೆ (4, 1)ಕ್ಕೆ ಬನ್ನಿ. ಮೊದಲ ಮೂರು ಚುಕ್ಕಿಗೆ ಏನೂ ತಿಳಿಯದು. ನಾಲ್ಕನೆಯದಕ್ಕೆ ಗೆರೆ ಹೊರಕ್ಕೆ ಚಾಚಿದಾಗ ಅನುಮಾನ ಹುಟ್ಟುತ್ತದೆ. ಆರನೆಯದಕ್ಕೆ ತುದಿ ಮುಟ್ಟಿದಾಗ, ಕೊಪ್ಪಳದ ಮಗುವಾದರೆ, ತಡೆಯದೆ ಕೂಗಿಬಿಡುತ್ತದೆ: ‘ತೇರು ಬಂತ್ ನೋಡ್ರಿ ಸರ!’ ಹೌದು, ತೇರೇ. ಗವಿಮಠದ ಜಾತ್ರೆಯಲ್ಲಿ ಜನಸಾಗರದ ನಡುವೆ ಸಾಗುವ ತೇರು, ಒಂಬತ್ತು ಚುಕ್ಕಿಯಲ್ಲಿ ಹಾಳೆಯ ಮೇಲೆ ನಿಂತಿದೆ.

ಈ ಕುಸುರಿಯನ್ನು ಇನ್ನಷ್ಟು ಹತ್ತಿರದಿಂದ ನೋಡಿ. ಎಡ ಬಲದ ಚುಕ್ಕಿಗಳ ಮೊದಲ ಅಂಕಿಗಳನ್ನು ಕೂಡಿಸಿ: 4ಕ್ಕೆ 8, 2ಕ್ಕೆ 10, 5ಕ್ಕೆ 7. ಎಲ್ಲೆಲ್ಲೂ 12. ಕಳಸವೊಂದೇ 6ರ ಮೇಲೆ, 12ರ ಅರ್ಧದಲ್ಲಿ, ಜೊತೆಗಾರನಿಲ್ಲದೆ ನೆಟ್ಟಗೆ ನಿಂತಿದೆ. ಸಮಮಿತಿ ಎಂಬ ಪಾಠ ಯಾರೂ ಹೇಳದೆಯೇ ಅಂಕಿಗಳ ಒಳಗೆ ಅಡಗಿ ಕೂತಿದೆ. ಅದನ್ನು ತಾನಾಗಿ ಕಂಡುಕೊಂಡ ಮಗುವಿನ ಮುಖ ಅರಳುವುದನ್ನು, ಆಮೇಲೆ ಅದು ಮೆಲ್ಲಗೆ, ಬೆರಳಿಟ್ಟು ಬೆರಳಿಟ್ಟು, ಪ್ರತಿ ಜೋಡಿಯನ್ನೂ ಕೂಡಿಸಿ ಖಾತ್ರಿ ಮಾಡಿಕೊಳ್ಳುವುದನ್ನು ಪಕ್ಕದಲ್ಲಿ ಸುಮ್ಮನೆ ಕೂತು ನೋಡಬೇಕು.

ತಪ್ಪು ಕೂಡ ಇಲ್ಲಿ ಸೊಗಸಾಗಿಯೇ ಆಗುತ್ತದೆ. (10, 3)ರಲ್ಲಿ ಮೊದಲು ಏರಿ ಆಮೇಲೆ ನಡೆದ ಮಗುವಿನ ಚುಕ್ಕಿ (3, 10)ಕ್ಕೆ ಹೋಗಿ ಕೂರುತ್ತದೆ. ತೇರಿಗೆ ಎಡಗಡೆ ಮೇಲೆ ವಿಚಿತ್ರವಾದ ಕೊಕ್ಕೊಂದು ಮೂಡುತ್ತದೆ. ಒಂಬತ್ತೂ ಚುಕ್ಕಿಯನ್ನು ಹಾಗೆಯೇ ಇಟ್ಟರೆ ಇಡೀ ತೇರು ಕಳಸವನ್ನು ಬಲಕ್ಕೆ ಚಾಚಿ ಮಲಗಿಬಿಡುತ್ತದೆ. ಕೆಂಪು ಶಾಯಿಯ ಗೆರೆ ಬೇಕಿಲ್ಲ. ಮಗು ತಾನೇ ನಕ್ಕು, ತಾನೇ ಅಳಿಸಿ, ತಾನೇ ತಿದ್ದಿಕೊಳ್ಳುತ್ತದೆ. ಬಲ್ಲ ಒಗಟುಗಾರ (5, 5)ರಂಥ ಚುಕ್ಕಿಯನ್ನು ತೀರ ಕಡಿಮೆ ಬಳಸುತ್ತಾನೆ. ಅದನ್ನು ಹಿಂದುಮುಂದು ಮಾಡಿದರೂ ಅದೇ ಜಾಗ, ತಪ್ಪು ಹೊರಗೆ ಬೀಳುವುದೇ ಇಲ್ಲ. ನಮ್ಮ ತೇರಿನಲ್ಲಿ ಅಂಥ ಚುಕ್ಕಿ ಒಂದೂ ಇಲ್ಲ.

ಕೊಪ್ಪಳ ಸೀಮೆಯ ಮಕ್ಕಳಿಗೆ ಈ ಆಟ ಬೇಗ ಒಗ್ಗುವುದಕ್ಕೆ ಕಾರಣ ಮನೆಯ ಅಂಗಳದಲ್ಲಿಯೇ ಇದೆ. ‘15 ಚುಕ್ಕಿ, 8ರವರೆಗೆ, ಸಂದು ಚುಕ್ಕಿ’ ಎಂದು ಅಕ್ಕ ಹೇಳಿದರೆ ತಂಗಿ ನೆಲದ ಮೇಲೆ ತಪ್ಪದೆ 169 ಚುಕ್ಕಿಗಳ ಷಟ್ಕೋನ ಇಟ್ಟುಬಿಡುತ್ತಾಳೆ. ಕುಷ್ಟಗಿ ತಾಲ್ಲೂಕಿನ ದೋಟಿಹಾಳದಲ್ಲಿ ಇಳಕಲ್ ಸೀರೆ ನೇಯುವ ಮಗ್ಗದ ಮನೆಯ ಮಗುವಿಗೆ ಹಾಸು ಯಾವುದು, ಹೊಕ್ಕು ಯಾವುದು ಎಂದು ಹೇಳಿಕೊಡಬೇಕಿಲ್ಲ. ಗೆರೆಗೆ ಗೆರೆ ಅಡ್ಡ ಹಾಯುವುದನ್ನು ಅದು ಹುಟ್ಟಿದಾಗಿನಿಂದ ನೋಡಿದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹುಲಿ–ಕುರಿ ಆಟದ ಉಪಕಾರ. ಗಂಗಾವತಿಯ ಕಡೆಯಿಂದ ಆನೆಗೊಂದಿಗೆ ಹೋಗಿ ತುಂಗಭದ್ರೆ ದಾಟಿದರೆ ಹಂಪಿ. ಅಲ್ಲಿನ ಮಂಟಪಗಳ ಹಾಸುಗಲ್ಲಿನ ಮೇಲೆ ಹಳೆಯ ಕಾಲದವರು ಕೊರೆದಿಟ್ಟ ಆಟದ ಮನೆಗಳು ಇನ್ನೂ ಇವೆ. ಮೂರು ಹುಲಿ, ಹದಿನೈದು ಕುರಿಯ ಈ ಆಟದಲ್ಲಿ ಕಾಯಿ ಕೂರುವುದು ಗೆರೆಗಳು ಕೂಡುವ ಜಾಗದಲ್ಲಿ. ಚದುರಂಗದಲ್ಲಿ ಕಾಯಿ ಚೌಕದ ಒಳಗೆ ಕೂರುತ್ತದೆ. ಹೊಸದಾಗಿ ಗ್ರಾಫ್ ಹಾಳೆ ಹಿಡಿದ ಮಗು ಸಾಮಾನ್ಯವಾಗಿ ಚುಕ್ಕಿಯನ್ನು ಚೌಕದ ಹೊಟ್ಟೆಯಲ್ಲಿಯೇ ಇಡುತ್ತದೆ. ಆಗ ‘ಹುಲಿ ಎಲ್ಲಿ ಕುಂದರ್ತದ?’ ಎಂದು ಕೇಳಿದರೆ ಸಾಕು. ಚುಕ್ಕಿ ಸರಿದು ಗೆರೆಗಳ ಕೂಡುವಿಕೆಗೆ ಬಂದು ಕೂರುತ್ತದೆ. ಎಷ್ಟು ಹಗುರಾದ ತಿದ್ದುಪಡಿ!

ಇನ್ನೊಂದು ಆಟ ಬಚ್ಚಿಟ್ಟ ನಿಧಿಯದು. ಆನೆಗೊಂದಿಯ ಸುತ್ತಮುತ್ತ ನಿಧಿಯ ಕತೆ ಕೇಳದೆ ಬೆಳೆದ ಮಗು ಇರಲಿಕ್ಕಿಲ್ಲ, ಹಾಗಾಗಿ ಹುಮ್ಮಸ್ಸಿಗೆ ಕೊರತೆಯಿಲ್ಲ. ಸೊನ್ನೆಯಿಂದ ಹತ್ತರವರೆಗಿನ ಹಾಳೆ. ಒಬ್ಬಳು ಒಂದು ಚುಕ್ಕಿಯನ್ನು ಮನಸ್ಸಿನಲ್ಲಿ ಬಚ್ಚಿಡುತ್ತಾಳೆ, ಇನ್ನೊಬ್ಬ ಕೇಳುತ್ತಾನೆ. ಉತ್ತರ ಬರುವುದು ಹೆಜ್ಜೆಗಳಲ್ಲಿ, ಗೆರೆಯ ಮೇಲೆ ನಡೆದ ಹೆಜ್ಜೆಗಳಲ್ಲಿ. (5, 5) ಎಂದ. ‘ಐದು ಹೆಜ್ಜೆ’ ಎಂದಳು. ಐದು ಹೆಜ್ಜೆ ದೂರದ ಚುಕ್ಕಿಗಳನ್ನೆಲ್ಲ ಗುರುತು ಮಾಡಿದರೆ ಹಾಳೆಯ ಮೇಲೆ ಇಪ್ಪತ್ತು ಚುಕ್ಕಿಗಳ ಒಂದು ಅಚ್ಚುಕಟ್ಟಾದ ವಜ್ರ ಮೂಡುತ್ತದೆ. ಈಗ (0, 0) ಕೇಳಿದರೆ? ‘ಹದಿನೈದು.’ ವಜ್ರದ ಒಂದು ಅಂಚಿಡೀ ಹೊಂದುತ್ತದೆ, ಇನ್ನೂ ಆರು ಚುಕ್ಕಿ ಉಳಿದವು. ಅದರ ಬದಲು ಎಡಗಡೆಯ ಮೇಲ್ಮೂಲೆ (0, 10) ಕೇಳಿದ್ದರೆ? ‘ಒಂಬತ್ತು.’ ಉಳಿಯುವುದು ಎರಡೇ: (7, 8) ಅಥವಾ (2, 3). ಇಪ್ಪತ್ತರಿಂದ ಎರಡಕ್ಕೆ, ಒಂದೇ ಮಾತಿನಲ್ಲಿ! ಎಲ್ಲಿ ಕೇಳಿದರೆ ಹೆಚ್ಚು ತಿಳಿಯುತ್ತದೆ ಎಂಬ ಈ ಸೂಕ್ಷ್ಮ ಮಗುವಿಗೆ ಕೆಲವೇ ಸುತ್ತಿನಲ್ಲಿ ಬೆರಳ ತುದಿಗೆ ಹತ್ತುತ್ತದೆ. ಶತ್ರುವಿನ ಹಡಗು ಹುಡುಕುವ ಆಟ ಇದಕ್ಕೆ ಹತ್ತಿರದ ನೆಂಟ. ಹಾಳೆ–ಪೆನ್ಸಿಲಿನಲ್ಲಿ ಆಡುತ್ತಿದ್ದ ಅದನ್ನು ಅಮೆರಿಕದ ಮಿಲ್ಟನ್ ಬ್ರಾಡ್ಲಿ ಕಂಪನಿ 1967ರಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಬ್ಯಾಟಲ್‌ಶಿಪ್ ಎಂದು ಮಾರಿತು. ನನಗಂತೂ ನಡುವೆ ನೋಟ್‌ಬುಕ್ ಗೋಡೆ ನಿಲ್ಲಿಸಿಕೊಂಡು, ಕದ್ದು ನೋಡಬೇಡವೆಂದು ಜಗಳವಾಡುತ್ತ ಆಡುವ ಹಾಳೆಯ ಆಟವೇ ಸವಿ.

ಎರಡು ಅಂಕಿಯಲ್ಲಿ ಒಂದು ಜಾಗವನ್ನು ಹಿಡಿಯುವ ಈ ಉಪಾಯದಿಂದ ರೇಖಾಗಣಿತವನ್ನೂ ಬೀಜಗಣಿತವನ್ನೂ ಬೆಸೆದ ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ತನ್ನ ಪುಸ್ತಕ ಪ್ರಕಟಿಸಿದ. ಮುಂದೆ ಕ್ಷಿಪಣಿಯ ದಾರಿಯೂ ಮೊಬೈಲಿನ ಪರದೆಯೂ ಇದೇ ಲೆಕ್ಕದ ಮೇಲೆ ನಿಂತವು. ನಮ್ಮ ಶಾಲೆಗಳ ಮಾತಿಗೆ ಬಂದರೆ, ಅಕ್ಷರ ಫೌಂಡೇಶನ್ ಮತ್ತು ಸರ್ಕಾರದ ‘ಗಣಿತ ಕಲಿಕಾ ಆಂದೋಲನ’ ರಾಜ್ಯದ ಸರ್ಕಾರಿ ಶಾಲೆಗಳ 4, 5ನೆಯ ತರಗತಿಗೆ ಅಬ್ಯಾಕಸ್, ದಾಳ, ಬಿಲ್ಲೆಗಳ ಪೆಟ್ಟಿಗೆ ತಂದ ಮೇಲೆ ಲೆಕ್ಕವನ್ನು ಕೈಯಿಂದ ಮುಟ್ಟುವ ಸುಖ ಮಕ್ಕಳಿಗೆ ಗೊತ್ತಾಗಿದೆ. ಊರ ಬಡಿಗೇರರಿಂದ ಒಂದು ಹಲಗೆಗೆ ಸಾಲಾಗಿ ಮೊಳೆ ಹೊಡೆಸಿ, ರಬ್ಬರ್ ಬ್ಯಾಂಡ್ ಕೊಟ್ಟರೆ ಅದೇ ತೇರು ಮೊಳೆಯ ಮೇಲೂ ಬಿಗಿಯಾಗಿ ನಿಲ್ಲುತ್ತದೆ.

ಕೊನೆಗೆ ಬರುವುದು ಈ ಆಟದ ತಿರುಳು: ಮಗುವೇ ಒಗಟು ಕಟ್ಟುವುದು. ಯಲಬುರ್ಗಾ ಸೀಮೆಯ ಹುಡುಗಿಗೆ ಇಟಗಿಯ ಮಹಾದೇವ ದೇವಾಲಯದ ಶಿಖರ ಬೇಕು. 1112ರಲ್ಲಿ ಕಟ್ಟಿದ ಆ ಮೆಟ್ಟಿಲು ಮೆಟ್ಟಿಲಾದ ಶಿಖರವನ್ನು ಚುಕ್ಕಿಗೆ ಇಳಿಸಬೇಕಾದರೆ ಯಾವ ಅಂಚು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಅವಳು ಆರಿಸಬೇಕು. ಅಂಕಿಗಳನ್ನು ಬರೆದು, ಚಿತ್ರವನ್ನು ಬಚ್ಚಿಟ್ಟು, ಗೆಳತಿಯ ಕೈಗೆ ಪಟ್ಟಿ ಕೊಟ್ಟು ಕಾಯಬೇಕು. ಆ ಕಾಯುವಿಕೆಯಲ್ಲಿ ಅವಳು ಕಲಾವಿದೆಯೂ ಹೌದು, ಗಣಿತಜ್ಞೆಯೂ ಹೌದು.

ಶಿಕ್ಷಕರೇ, ತಾಯ್ತಂದೆಯರೇ, ಒಗಟು ಬಿಡಿಸಲು ಕೊಟ್ಟು ಅಲ್ಲಿಗೇ ನಿಲ್ಲಬೇಡಿ; ಕಟ್ಟಲೂ ಕೊಡಿ. ಮಗು ಕಟ್ಟಿದ ಪಟ್ಟಿಯನ್ನು ನೀವೇ ಕೂತು ಬಿಡಿಸಿ, ಏನು ಬಂತೆಂದು ಅದಕ್ಕೆ ತೋರಿಸಿ.