ಚಂದ್ರಂಪಳ್ಳಿಯ ನೀರಮೇಲೆ

ಅಲಾಸ್ಕದ ಗ್ಲೇಸಿಯರ್ ಬೇ ನೋಡಲು ಹೋದವರು ಹಡಗಿನಲ್ಲೇ ಕುಳಿತು ಹಿಮನದಿ, ಸೀಲ್, ತಿಮಿಂಗಿಲಗಳನ್ನು ಕಾಣುತ್ತಾರೆ. ಶಹಾಬಾದಿನ ಹಾಸುಗಲ್ಲು, ವಾಡಿ–ಸೇಡಂಗಳ ಸಿಮೆಂಟು, ಚಿತ್ತಾಪುರದ ತೊಗರಿ ಹೊಲಗಳ ನಡುವೆ ಬಾಳುವ ಕಲಬುರಗಿ ಜಿಲ್ಲೆಯ ನಮಗೆ ಅಂಥ ಸುಖ ಕೊಡುವುದು ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ. ಸುತ್ತ ಗುಡ್ಡ, ಗುಡ್ಡದ ತುಂಬ ಕಾಡು.

ಈ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ, ಕೃಷ್ಣಮೃಗ, ಕೊಂಡುಕುರಿ ಇಲ್ಲಿವೆ. ಬಿಸಿಲನಾಡಿನಲ್ಲಿ ಇಷ್ಟು ಹಸಿರು ಉಳಿದಿರುವುದೇ ದೊಡ್ಡ ಭಾಗ್ಯ.

ಜಲಾಶಯದಲ್ಲಿ ದೋಣಿ ದಡ ಬಿಟ್ಟಮೇಲೆ ಈ ಕಾಡಿನ ನೋಟವೇ ಬದಲಾಗುತ್ತದೆ. ದಾರಿಯಲ್ಲಿ ನಡೆದರೆ ಮರಗಳು ನೋಟಕ್ಕೆ ಅಡ್ಡವಾಗುತ್ತವೆ. ನೀರಿನಿಂದ ನೋಡಿದರೆ ಇಡೀ ದಡ ತೆರೆದುಕೊಳ್ಳುತ್ತದೆ. ಒಣಬೊಡ್ಡೆಯ ಮೇಲೆ ನೀರುಕಾಗೆ ಎರಡೂ ರೆಕ್ಕೆ ಹರವಿ ಬಿಸಿಲಿಗೆ ಒಣಗಿಸುತ್ತದೆ. ಅದರ ಗರಿ ನೀರು ಹೀರಿಕೊಳ್ಳುವುದರಿಂದಲೇ ಆಳಕ್ಕೆ ಮುಳುಗಿ ಮೀನು ಹಿಡಿಯುವುದು ಅದಕ್ಕೆ ಸುಲಭ. ದಡದ ಹಸಿ ಮಣ್ಣಿನಲ್ಲಿ ರಾತ್ರಿ ನೀರಿಗಿಳಿದ ಗೊರಸುಗಳ ಗುರುತು ಎದ್ದು ಕಾಣುತ್ತದೆ.

ಮಳೆಗಾಲ ಮುಗಿದು ಜಲಾಶಯ ತುಂಬಿರುವಾಗ, ಬೆಳಗಿನ ಹೊತ್ತು ಮಕ್ಕಳನ್ನು ಕರೆದುಕೊಂಡು ಬನ್ನಿ. ಕಲಬುರಗಿ ಜಿಲ್ಲೆಯೆಂದರೆ ಬರೀ ಬಂಡೆ, ಬಿಸಿಲು ಎನ್ನುವವರನ್ನಂತೂ ತಪ್ಪದೆ ಕರೆತನ್ನಿ.