‘ಸೋಳಗರ್ ತೊಟ್ಟಿ’ಯೂ ವಾಚಾತ್ತಿಯೂ

ತಮಿಳಿನ ‘ಸೋಳಗರ್ ತೊಟ್ಟಿ’ ಕಾದಂಬರಿಯು ಪ್ರಕಟವಾದುದು 2004ರಲ್ಲಿ. ಕರ್ತೃಗಳಾದ ಸ. ಬಾಲಮುರುಗನ್ ಅವರು ವೃತ್ತಿಯಿಂದ ವಕೀಲರು. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಸೋಲಿಗರು ಅನುಭವಿಸಿದ ಹಿಂಸೆಯೇ ಅದರ ವಸ್ತು. ಸೋಲಿಗರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಗಡಿನಾಡಿನ ಉಪಾಧ್ಯಾಯರಾದ ನಾವು ಇದನ್ನು ಪರಭಾಷೆಯ ಕೃತಿಯೆಂದು ಬದಿಗಿಡುವಂತಿಲ್ಲ.

ಪೂರ್ವಾರ್ಧದಲ್ಲಿ ಸೋಲಿಗರ ಬೇಸಾಯ, ಬೇಟೆ, ನಂಬಿಕೆಗಳು ಸಾವಧಾನವಾಗಿ ಬರುತ್ತವೆ. ಕಥೆ ತಡವಾಗಿ ಮೊದಲಾಗುತ್ತದೆಂದು ಕೆಲವರು ಆಕ್ಷೇಪಿಸಬಹುದು. ನಮಗಾದರೋ ಕೃತಿಯ ಬಲವೆಲ್ಲ ಅಲ್ಲಿಯೇ ಕಾಣುತ್ತದೆ. ಕಾಡನ್ನು ತವರೆಂದು ತಿಳಿದವರನ್ನು ಮೊದಲು ಕಂಡ ಓದುಗನಿಗೆ ಮಾತ್ರ, ಅದೇ ಕಾಡಿನಲ್ಲಿ ಅವರು ಅಂಜಿ ಬಾಳುವುದರ ಅರ್ಥ ತಿಳಿದೀತು. ಉತ್ತರಾರ್ಧದಲ್ಲಿ ಚಿತ್ರಹಿಂಸೆಯ ಪ್ರಸಂಗಗಳು ಒತ್ತೊತ್ತಾಗಿ ಬಂದು ಓದುಗನ ಮನಸ್ಸೇ ಮರಗಟ್ಟುವ ಭಯವುಂಟು, ಇದೊಂದು ಕೊರತೆ.

ಹಿಂಸೆಯನ್ನು ಉಂಡವರು ಆಮೇಲೆ ಏನಾಗುತ್ತಾರೆ? ಮೂಕರಾಗುವರು, ಇಲ್ಲವೆ ಸೇಡಿಗೆ ನಿಲ್ಲುವರು ಎಂಬ ಎರಡೇ ದಾರಿಗಳನ್ನು ನಮ್ಮ ಕಥೆಗಾರರು ಬಹುವಾಗಿ ಬಲ್ಲರು. ಮೂರನೆಯದಕ್ಕೆ ನಿದರ್ಶನ ಧರ್ಮಪುರಿ ಜಿಲ್ಲೆಯ ವಾಚಾತ್ತಿಯಲ್ಲಿದೆ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೋಲೀಸು, ಕಂದಾಯ ಇಲಾಖೆಗಳವರು ಸಿತ್ತೇರಿ ಬೆಟ್ಟದ ಬುಡದ ಆ ಬುಡಕಟ್ಟಿನ ಊರಿಗೆ ನುಗ್ಗಿ ಮನೆಗಳನ್ನು ಸೂರೆಮಾಡಿದರು. 18 ಮಂದಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಮೇಲಾಗಿ ನೊಂದವರನ್ನೇ ಕಳ್ಳರೆಂದು ಸೇಲಂ ಸೆರೆಮನೆಗೆ ಕಳುಹಿಸಿದರು. ಅನೇಕರು ಬೆಟ್ಟ ಹತ್ತಿ ಅಡಗಿದರು.

ಅದೇ ಹೆಂಗಸರು ಮುಂದೆ ಆರೋಪಿಗಳ ಸಾಲಿನೆದುರು ನಿಂತು ಇವನೇ ಎಂದು ಗುರುತಿಸಿದರು. 1995ರಲ್ಲಿ ತನಿಖೆ ಸಿ.ಬಿ.ಐ.ಗೆ ಹೋಯಿತು. 269 ಆರೋಪಿಗಳಲ್ಲಿ 54 ಮಂದಿ ತೀರ್ಪಿಗೆ ಮುಂಚೆಯೇ ತೀರಿಕೊಂಡರು. ಉಳಿದ 215 ಮಂದಿಯೂ ಅಪರಾಧಿಗಳೆಂದು ಧರ್ಮಪುರಿ ನ್ಯಾಯಾಲಯವು 2011ರ ಸೆಪ್ಟೆಂಬರ್ 29ರಂದು ನಿರ್ಣಯಿಸಿತು. 2023ರಲ್ಲಿ, ವಿಚಿತ್ರವೆಂಬಂತೆ ಅದೇ ತಾರೀಖಿನಂದು, ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಖಾಕಿಯನ್ನು ಕಂಡು ಓಡಿದವರಿಗೆ ಖಾಕಿಯ ಮುಖಕ್ಕೇ ಬೆರಳು ತೋರುವ ಎದೆಗಾರಿಕೆ ಬಂದುದು ಹೇಗೆ? ಹುಟ್ಟುಗುಣವೆಂದರೆ ಸಾಲದು. ಘಟನೆಯಾದ ಕೆಲವೇ ವಾರಗಳಲ್ಲಿ ಬುಡಕಟ್ಟು ಜನರ ಸಂಘದವರು ಬಂದು ಅವರ ಮಾತನ್ನು ನಂಬಿ ಕೇಳಿದ್ದರು. ಭಯ ಹೋಯಿತೆಂದು ನಾವು ಹೇಳುತ್ತಿಲ್ಲ. ಭಯಕ್ಕೆ ಜೊತೆ ಸಿಕ್ಕಿತು. ಸೋಲಿಗರ ಪಾಲಿಗೂ ನ್ಯಾಯಮೂರ್ತಿ ಸದಾಶಿವ ಸಮಿತಿ ಬಂದಿತು. 2007ರಲ್ಲಿ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ ಪರಿಹಾರ ಕೊಡಿಸಿತು.

ಬಾಲಮುರುಗನ್ ಅವರ ಕಾದಂಬರಿ ನೋವಿನ ಹತ್ತಿರ ನಿಲ್ಲುತ್ತದೆ, ಸಾಕ್ಷಿಕಟ್ಟೆಯವರೆಗೆ ಬರುವುದಿಲ್ಲ. ವಾಯಿದೆಯಿಂದ ವಾಯಿದೆಗೆ ಸರಿದ ಆ ಹತ್ತೊಂಬತ್ತು ವರ್ಷಗಳನ್ನು, ಅವರ ಪೂರ್ವಾರ್ಧದ ಸಾವಧಾನದಿಂದಲೇ ಬರೆಯಬೇಕಾಗಿದೆ.